ಸಿಮೆಂಟು ಹಾಕಿದ ಕುಸ್ತಿ ಕಣ

ನನ್ನ ಪುಸ್ತಕದ ಕಪಾಟಿನಲ್ಲಿ, ಶಾಸನಗಳ ಮೇಲಿನ ಎರಡು ದಪ್ಪ ಪುಸ್ತಕಗಳ ನಡುವೆ, ಉಪ್ಪಿನಕಾಯಿಯ ಸಣ್ಣ ಗಾಜಿನ ಭರಣಿಯೊಂದಿದೆ. ಅದರಲ್ಲಿ ಅರ್ಧದಷ್ಟು ಕೆಂಪು ಮಣ್ಣು. ಮನೆಗೆ ಬರುವವರು ಪುಸ್ತಕಗಳನ್ನು ಎಂದೂ ನೋಡುವುದಿಲ್ಲ. ಭರಣಿಯನ್ನು ನೋಡದೆ ಬಿಡುವುದಿಲ್ಲ. ಬಾಡಿಗೆ ಮನೆಯ ಒಡತಿ ಅದನ್ನು ಖಾರದ ಪುಡಿ ಎಂದುಕೊಂಡಳು. ಪುಸ್ತಕದ ಕಪಾಟಿನಲ್ಲಿ ಖಾರದ ಪುಡಿ ಇಡುವ ಹುಡುಗಿಗೆ ಇನ್ನೂ ಮದುವೆ ಯಾಕೆ ಆಗಿಲ್ಲ ಎಂಬುದು ಈಗ ತಿಳಿಯಿತು ಎನ್ನುವಂತೆ ತಲೆಯಾಡಿಸಿದಳು. ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರು ಯಾವುದೋ ಉತ್ಖನನದ ಮಣ್ಣಿರಬೇಕೆಂದು ಗೌರವದಿಂದ ಮೂಸಿ ನೋಡಿ, ಚಾಲುಕ್ಯರ ಕಾಲದ್ದೇ ಎಂದು ಕೇಳಿದರು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಇತಿಹಾಸ ಕಲಿಸುವವಳು ಸುಮ್ಮನಿದ್ದರೆ ಜನ ಅದನ್ನು ವಿದ್ವತ್ತು ಎನ್ನುತ್ತಾರೆ. ನನ್ನ ನೌಕರಿ ಅರ್ಧ ಹೀಗೆಯೇ ನಡೆದಿದೆ.

ಅದು ಏನೆಂದು ನಿಮಗೆ ಹೇಳುತ್ತೇನೆ. ಆದರೆ ನೀವು ಇಳಕಲ್ಲಿನವರೋ ಬಾದಾಮಿಯವರೋ ಆಗಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ನಿಲ್ಲಿಸದಿದ್ದರೂ ನನಗೆ ಅಂಥ ಭಯವೇನಿಲ್ಲ. ನಮ್ಮ ಕಡೆ ಒಂದು ಗುಟ್ಟನ್ನು ಯಾರ ಕಣ್ಣಿಗೂ ಬೀಳದಂತೆ ಇಡಬೇಕೆಂದರೆ ಅದನ್ನು ಪ್ರಬಂಧವಾಗಿ ಬರೆದು ಅಚ್ಚು ಹಾಕಿಸುವುದಕ್ಕಿಂತ ಸುರಕ್ಷಿತವಾದ ದಾರಿ ಇಲ್ಲ.

ಇಳಕಲ್ಲಿನಲ್ಲಿ ನನ್ನ ಸೋದರಮಾವನಿದ್ದಾನೆ, ಈರಪ್ಪ. ಸೀರೆ ನೇಯುವವರಿಗೆ ರೇಷ್ಮೆಯ ಲಡಿಗಳಿಗೆ ಬಣ್ಣ ಹಾಕಿಕೊಡುವುದು ಅವನ ಕಸುಬು. ಎಪ್ಪತ್ತರ ದಶಕದಲ್ಲಿ ನನ್ನ ಬೇಸಿಗೆ ಸೂಟಿಗಳೆಲ್ಲ ಅವನ ಬಣ್ಣದ ಹಂಡೆಗಳ ಪಕ್ಕದಲ್ಲಿ ಕಳೆದವು. ಅವನ ಕೈ ಮೊಣಕೈಯವರೆಗೆ ಸೋಮವಾರ ದಾಳಿಂಬೆಯ ಬಣ್ಣ, ಬುಧವಾರ ಗಿಳಿಹಸಿರು. ಶನಿವಾರದ ಹೊತ್ತಿಗೆ ಎಲ್ಲ ಸೇರಿ ಹೆಸರಿಲ್ಲದ ಒಂದು ಬಣ್ಣ. ಕಿವಿಗಳು ಮಾತ್ರ ಯಾವ ವಾರವೂ ಬದಲಾಗದೆ ಹಿಟ್ಟು ಹಿಚುಕಿದಂತೆ ಮುದುಡಿಕೊಂಡಿರುತ್ತಿದ್ದವು. ವಯಸ್ಸಿನಲ್ಲಿ ಮಾಮಾ ಪೈಲವಾನನಾಗಿದ್ದ. ಆ ಕಿವಿಗಳು ಅದರ ಸರ್ಟಿಫಿಕೇಟು.

ಹಂಡೆಯೊಳಗೆ ಕೋಲು ತಿರುವುತ್ತ ಅವನು ಹೇಳುತ್ತಿದ್ದುದು ಒಂದೇ ಕಥೆ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬಾಗಲಕೋಟೆಯ ಕುಸ್ತಿ ಮೈದಾನದಲ್ಲಿ ಬಾದಾಮಿಯ ಲಾಲಸಾಬ ಪೈಲವಾನನನ್ನು ಅವನು ಧೋಬಿ ಪಟ್ಟು ಹಾಕಿ ಕೆಡವಿದ ಕಥೆ. ಎದುರಾಳಿಯ ತೋಳನ್ನು ಹೆಗಲ ಮೇಲೆ ಎಳೆದುಕೊಂಡು ಅಗಸ ಬಟ್ಟೆ ಒಗೆದಂತೆ ನೆಲಕ್ಕೆ ಒಗೆಯುವುದು ಧೋಬಿ ಪಟ್ಟು. ಲಾಲಸಾಬನ ಬೆನ್ನಿಗೆ ಮಣ್ಣು ಹತ್ತಿದ ಕ್ಷಣದಲ್ಲೇ ಆಕಾಶ ಗುಡುಗಿ ಅಡ್ಡಮಳೆ ಸುರಿಯಿತಂತೆ. ಮೇಲಿನವನೂ ಕೂತು ನೋಡುತ್ತಿದ್ದನೆಂಬುದಕ್ಕೆ ಮಾಮಾನಿಗೆ ಬೇರೆ ಪುರಾವೆ ಬೇಕಿರಲಿಲ್ಲ.

ನನಗೆ ಬೇಕಿತ್ತು. ನಾನು ಚಿಕ್ಕಂದಿನಿಂದಲೂ ಇಂಥ ಹಾಳು ಸ್ವಭಾವದವಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ರತಿ ಸೂಟಿಯಲ್ಲಿ ಆ ಕುಸ್ತಿ ಎಷ್ಟು ಹೊತ್ತು ನಡೆಯಿತೆಂದು ಬರೆದಿಡುತ್ತಿದ್ದೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅದು ಇಪ್ಪತ್ತು ನಿಮಿಷ ನಡೆದಿತ್ತು. ಏಳನೆಯದಕ್ಕೆ ಬರುವಷ್ಟರಲ್ಲಿ ಒಂದು ತಾಸು. ಮ್ಯಾಟ್ರಿಕ್ ಮುಗಿಸಿದ ವರ್ಷ ಎರಡು ತಾಸು. ಲಾಲಸಾಬನೂ ನನ್ನ ಜೊತೆಗೇ ಬೆಳೆದು, ಕೊನೆಗೆ ಬಾಗಿಲಲ್ಲಿ ಬಗ್ಗಿ ಬರುವ ಆಳಾದ. ಒಮ್ಮೆ ತಡೆಯಲಾರದೆ, "ಮಾಮಾ, ಹ್ವಾದ ವರ್ಷ ಒಂದ ತಾಸ ಅಂದಿದ್ದಿ" ಎಂದೆ. ಅವನು ಕೋಲು ನಿಲ್ಲಿಸದೆ ಹೇಳಿದ, "ಹ್ವಾದ ವರ್ಷ ನೀ ಸಣ್ಣಾಕಿ ಇದ್ದಿ. ಅಷ್ಟ ಸಾಕಿತ್ತು ನಿನಗ."

ಈ ಕಥೆಗೆ ವಾರಸುದಾರಳೊಬ್ಬಳಿದ್ದಳು, ನನ್ನ ಅತ್ತೆ. ಬಾಗಲಕೋಟೆಯ ಕುಸ್ತಿ ಗೆದ್ದು ಬಂದರೆ ಮಗಳನ್ನು ಕೊಡುತ್ತೇನೆ ಎಂದು ಅವಳ ತಂದೆ ಮಾತು ಕೊಟ್ಟಿದ್ದರಂತೆ. ಮಾಮಾ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗಿದರೆ ಸಾಕು, "ನಮ್ಮಪ್ಪ ನನ್ನ ಗೆದ್ದಾವಗ ಕೊಟ್ಟಾನ, ಗೊಣಗಾವಗಲ್ಲ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಗೆದ್ದದ್ದಕ್ಕೆ ಗುರುತಾಗಿ ಟ್ರಂಕಿನಲ್ಲಿ ಜರಿ ಅಂಚಿನ ಕೇಸರಿ ರುಮಾಲು ಇತ್ತು. ಗೆದ್ದವನಿಗೆ ರುಮಾಲಿನ ಜೊತೆ ಒಂದು ಬೆಳ್ಳಿ ಕಡಗವನ್ನೂ ಕೊಡುವುದು ಪದ್ಧತಿಯೆಂದು ನಾನು ಎಲ್ಲಿಯೋ ಕೇಳಿದ್ದೆ. ಕಡಗ ಎಲ್ಲಿ ಎಂದರೆ ಅದು ಕಳುವಾಯಿತೆಂದು ಮಾಮಾ ಹೇಳುತ್ತಿದ್ದ. ಯಾವಾಗ ಎಂದರೆ ಹಂಡೆಗೆ ನೀರು ತರಲು ಎದ್ದು ಹೋಗುತ್ತಿದ್ದ.

ಆ ಮೈದಾನವನ್ನು ಮಾತ್ರ ನಾನು ನೋಡಿರಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಮ್ಮ ನೆರಳು ಬಿದ್ದರೆ ಕಣದ ಮಣ್ಣು ಮುನಿಯುತ್ತದೆಂದು ನಂಬಿಕೆ. ಅರಿಸಿನ, ಎಣ್ಣೆ, ಮಜ್ಜಿಗೆ ಎಲ್ಲವನ್ನೂ ಬೆರೆಸಿ ಹದ ಮಾಡಿದ ಆ ಮಣ್ಣನ್ನು ಗಂಡಸರು ತೊಡೆಗೆ ಬಳಿದುಕೊಂಡು ಉರುಳಾಡಬಹುದಿತ್ತು. ಅದೇ ಮಣ್ಣು ಹತ್ತಿದ ಲಂಗೋಟಿಯನ್ನು ಮೂರು ನೀರಿನಲ್ಲಿ ಒಗೆಯುವಾಗ ಅತ್ತೆಯ ಮೇಲೆ ಅದು ಎಂದೂ ಮುನಿದಂತೆ ಕಾಣಲಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಎಂಬತ್ತರ ದಶಕದ ನಡುವೆ ನಾನು ಬಾಗಲಕೋಟೆಯ ಕಾಲೇಜೊಂದಕ್ಕೆ ಬರುವಷ್ಟರಲ್ಲಿ ಮೈದಾನ ಹಾಳು ಬಿದ್ದು ಬಹಳ ವರ್ಷವಾಗಿತ್ತು. ದುಂಡಗಿನ ಗೋಡೆಯ ಕಲ್ಲುಗಳು ಒಂದೊಂದಾಗಿ ಎದ್ದು ಸುತ್ತಲಿನ ಮನೆಗಳ ಕಟ್ಟೆಗಳಾಗಿದ್ದವು. ಜನ ಕೂರುವ ಪಾವಟಿಗೆಗಳಲ್ಲಿ ಮೂರು ಉಳಿದಿದ್ದವು. ಟಿಕೆಟ್ ಕೊಡುವ ಕೋಣೆಯೊಂದು ಮಾತ್ರ ಗಟ್ಟಿಯಾಗಿ ನಿಂತಿತ್ತು. ಹಣ ತೆಗೆದುಕೊಳ್ಳುವ ಜಾಗವನ್ನು ನಾವು ಯಾವಾಗಲೂ ಗಟ್ಟಿಯಾಗಿಯೇ ಕಟ್ಟುತ್ತೇವೆ. ಹೀಗಿರುವಾಗ, ಮುಂದೆ ಆಣೆಕಟ್ಟಿನ ನೀರು ಬಂದು ಊರಿನ ತಗ್ಗು ಭಾಗ ಮುಳುಗುತ್ತದೆಂಬ ಮಾತು ಬಲವಾಯಿತು. ಮುಳುಗುತ್ತದೆ ಎಂದ ಕೂಡಲೇ ಊರಿಗೆ ತನ್ನ ಕಲ್ಲುಗಳ ಮೇಲೆ ಪ್ರೀತಿ ಹುಟ್ಟಿತು. ಐಹೊಳೆಯಲ್ಲಿ ಸಾವಿರ ವರ್ಷ ಮೀರಿದ ಕಂಬಕ್ಕೆ ಎಮ್ಮೆ ಕಟ್ಟಿ, ಕಂಬ ಬಿಸಿಲಿಗೆ ಒಳ್ಳೆಯದೆಂದು ಮೆಚ್ಚಿಕೊಳ್ಳುವ ಸೀಮೆ ನಮ್ಮದು. ಅಂಥ ಕಡೆ ಮೂರು ಪಾವಟಿಗೆಗಳನ್ನು ಉಳಿಸಲು ಒಂದು ಸಮಿತಿ ಹುಟ್ಟಿಕೊಂಡಿತು. ಅದಕ್ಕೊಬ್ಬ ಅಧ್ಯಕ್ಷರು, ಅಧ್ಯಕ್ಷರಿಗೊಂದು ಶಾಲು.

ಅಧ್ಯಕ್ಷರು ಒಂದು ದಿನ ಕಾಲೇಜಿಗೆ ಬಂದು, "ಅಕ್ಕಾರ, ನೀವು ಹಿಸ್ಟರಿ ಓದೀರಿ. ಒಂದ ಫಲಕ ಬರದಕೊಡ್ರಿ" ಎಂದರು. ಮೈದಾನದ ಚರಿತ್ರೆ ಇಷ್ಟು ಸಾಲು, ಕೊನೆಯಲ್ಲಿ ಲಾಲಸಾಬ-ಈರಪ್ಪರ ಪ್ರಸಿದ್ಧ ಕುಸ್ತಿ, ಯಾರು ಗೆದ್ದರೆಂದು ದೊಡ್ಡ ಅಕ್ಷರದಲ್ಲಿ. ಯಾರು ಗೆದ್ದರೆಂದು ಅವರಿಗೆ ಗೊತ್ತೇ ಎಂದು ಕೇಳಿದೆ. ಅಂದು ಮಳೆ ಬಂದು ಎಲ್ಲರೂ ಓಡಿದರಂತೆ, ಅದಕ್ಕೇ ನಿಮ್ಮ ಕಡೆ ಬಂದದ್ದು, ಎಂದರು. ಮಾಮಾ ಗೆದ್ದನೆಂದು ಅಲ್ಲೇ ಹೇಳಿಬಿಟ್ಟಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ನಾನು ಹೇಳಲಿಲ್ಲ. ಈರಪ್ಪ ನನ್ನ ಸೋದರಮಾವ ಎಂದೂ ಹೇಳಲಿಲ್ಲ. ಸಂಬಂಧಿಕರ ಮಾತನ್ನು ಪುರಾವೆಯೆಂದು ಹಿಡಿಯಬಾರದು ಎಂದು ಧಾರವಾಡದಲ್ಲಿ ಕಲಿಸಿದ್ದರು. ಎರಡೂ ಊರಿಗೆ ಕಾಗದ ಬರೆದು, ಯಾರು ಗೆದ್ದರೆಂಬುದಕ್ಕೆ ಆಧಾರಗಳಿದ್ದರೆ ತಿಳಿಸಬೇಕೆಂದು ವಿನಂತಿಸಿದೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಸುಂದರವಾದ ಕೈಬರಹದಲ್ಲಿವೆ.

ಬಾದಾಮಿಯಿಂದ ಲಾಲಸಾಬರ ಮಗನ ಉತ್ತರ ಬಂತು. ನಮ್ಮ ತಂದೆಯವರು ಇಳಕಲ್ಲಿನ ಈರಪ್ಪನನ್ನು ಧೋಬಿ ಪಟ್ಟಿನಿಂದ ಕೆಡವಿದರು. ಆ ಕ್ಷಣದಲ್ಲೇ ಮಳೆ ಬಂತು. ಬಹುಮಾನದ ಬೆಳ್ಳಿ ಕಡಗ ನಮ್ಮ ಮನೆಯಲ್ಲಿದೆ. ರುಮಾಲನ್ನು ಇಲಿಗಳು ತಿಂದವು. ಅದೇ ಪಟ್ಟು, ಅದೇ ಮಳೆ. ಕಡಗ ಅಲ್ಲಿ, ರುಮಾಲು ಇಲ್ಲಿ. ಎರಡೂ ಒಬ್ಬನ ಹತ್ತಿರವೇ ಇರಬೇಕಿತ್ತಲ್ಲ ಎಂಬ ಒಂದೇ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಅಷ್ಟರಲ್ಲಿ ನನ್ನ ಕಾಗದ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಲ್ಲಿಯವರೆಗೆ ಇಳಕಲ್ಲಿಗೆ ಬಾದಾಮಿಯವರು ಏನು ಹೇಳುತ್ತಾರೆಂದು ಗೊತ್ತಿರಲಿಲ್ಲ, ಬಾದಾಮಿಗೆ ಇಳಕಲ್ಲಿನವರ ಕಥೆ ಗೊತ್ತಿರಲಿಲ್ಲ. ಈಗ ಎರಡಕ್ಕೂ ಗೊತ್ತಾಯಿತು. ಫಲಕದ ಉದ್ಘಾಟನೆಗೆ ಎರಡೂ ಊರಿನಿಂದ ಜನ ಗಾಡಿ ಮಾಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಫಲಕ ಬರೆಯುವ ಪೇಂಟರ್ ಕೊನೆಯ ಎರಡು ಸಾಲಿನ ಜಾಗ ಖಾಲಿ ಬಿಟ್ಟು ನನ್ನ ಮುಖ ನೋಡುತ್ತ ಕೂತ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಮಾಮಾ ಒಬ್ಬನೇ ಬಂದ. ಮೈದಾನ ನೋಡಬೇಕೆಂದ. ಇಬ್ಬರೂ ಹೋದೆವು. ಪಾವಟಿಗೆಗಳ ಸುತ್ತ ನೀಲಿ ಬಣ್ಣದ ಕಬ್ಬಿಣದ ಬೇಲಿ, ಅದಕ್ಕೊಂದು ಬೀಗ. ಅವುಗಳ ಮೇಲೆ ಕೂರಬಾರದೆಂದು ಬರೆದಿತ್ತು. ಕೂರುವುದಕ್ಕೆಂದೇ ಮಾಡಿದ ಕಲ್ಲನ್ನು ಕೂರುವವರಿಂದ ಕಾಪಾಡಿದರೆ ಅದಕ್ಕೆ ಸಂರಕ್ಷಣೆ ಎನ್ನುತ್ತಾರೆ.

ಮಾಮಾ ಚಪ್ಪಲಿ ಬಿಟ್ಟ. ಕಣಕ್ಕೆ ಇಳಿಯುವವರು ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಆಮೇಲೆ ಜೋಡಿ, ಅಂದರೆ ಎದುರಾಳಿಗಳಿಬ್ಬರೂ, ಚಿಟಿಕೆ ಮಣ್ಣನ್ನು ಒಬ್ಬರ ಅಂಗೈಗೆ ಒಬ್ಬರು ಹಾಕುತ್ತಾರೆ; ಹಾಗೆ ಮಣ್ಣು ಕೊಡದೆ ಹಿಡಿದ ಕುಸ್ತಿ ಕುಸ್ತಿಯೇ ಅಲ್ಲ. ಮಾಮಾ ಹಳೆಯ ಅಭ್ಯಾಸದಂತೆ ಬಗ್ಗಿ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಕಣದ ತುಂಬ ಸಿಮೆಂಟು. ನುಣ್ಣಗೆ ಉಜ್ಜಿ, ನಡುವೆ ಸುಣ್ಣದಿಂದ ಒಂದು ವೃತ್ತ ಬರೆದಿದ್ದರು.

ಶಾಲು ಹೊದ್ದ ಅಧ್ಯಕ್ಷರು ಹೆಮ್ಮೆಯಿಂದ ವಿವರಿಸಿದರು. ಮಣ್ಣು ಗಾಳಿಗೆ ಹಾರಿ ಹೋಗುತ್ತಿತ್ತು, ಐತಿಹಾಸಿಕ ಕಣ ಹಾಳಾಗಬಾರದೆಂದು ಅದನ್ನೆಲ್ಲ ತೆಗೆಸಿ ಪಕ್ಕಾ ಮಾಡಿಸಿದೆವು. ತೆಗೆದ ಮಣ್ಣು ಎಲ್ಲಿ ಎಂದು ಕೇಳಿದೆ. ಟಿಕೆಟ್ ಕೋಣೆಯ ಹಿಂದೆ ಸಾಲಾಗಿ ಇಟ್ಟಿದ್ದ ಕ್ರೋಟನ್ ಕುಂಡಗಳನ್ನು ತೋರಿಸಿದರು. ನಾಳೆ ವೇದಿಕೆಯ ಮೇಲೆ ಇಡುತ್ತೇವೆ, ಭಾಳ ಚಂದ ಬಂದಾವ, ಎಂದರು. ಮಾಮಾ ಸಿಮೆಂಟನ್ನು ಮುಟ್ಟದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಅಧ್ಯಕ್ಷರು ಶಾಮಿಯಾನದವರನ್ನು ಬೈಯಲು ಹೋದರು.

ಅಷ್ಟರಲ್ಲಿ ಗೇಟಿನಿಂದ ಕೋಲೂರಿಕೊಂಡು ಬಿಳಿ ಗಡ್ಡದ ಮುದುಕರೊಬ್ಬರು ಬಂದರು. ಬಾಗಿಲಲ್ಲಿ ಬಗ್ಗುವ ಆಳೇನಲ್ಲ; ನನಗಿಂತ ಎರಡು ಬೆರಳು ಎತ್ತರ ಇದ್ದಾರು. ಕಿವಿ ನೋಡಿದ ಕೂಡಲೇ ಗುರುತು ಹತ್ತಿತು.

"ಲೇ ಈರ್ಯಾ, ಇನ್ನೂ ಅದೀ ಏನಲೇ?"

"ನಿನ್ನ ಮಣ್ಣಿಗಿ ಬಂದು ಹೋಗೂಣಂತ ಉಳದೇನಿ ನೋಡು."

"ಮಣ್ಣ ಎಲ್ಲೈತಿ ಮಗನ," ಎಂದರು ಲಾಲಸಾಬರು, ಕೋಲಿನಿಂದ ಸಿಮೆಂಟನ್ನು ಕುಟ್ಟಿ. "ಕಿರಾಣಿ ಅಂಗಡಿ ಕಟ್ಟಿ ಮಾಡಿಟ್ಟಾರ."

ಬದ್ಧ ವೈರಿಗಳೆಂದು ನಾನು ಹದಿನೈದು ವರ್ಷ ಬರೆದಿಟ್ಟುಕೊಂಡ ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ನಗುತ್ತಿದ್ದರು. ಬಿಸಿಲೆಂದು ಮೂವರೂ ಟಿಕೆಟ್ ಕೋಣೆಯೊಳಗೆ ಹೋಗಿ ಕೂತೆವು. ಕೂತ ತಕ್ಷಣ ನಾನು ಪ್ರಶ್ನೆ ಹಾಕಿದೆ. ಕಡಗ ಒಂದು ಮನೆಯಲ್ಲಿ, ರುಮಾಲು ಇನ್ನೊಂದು ಮನೆಯಲ್ಲಿ. ಹಾಗಾದರೆ ಗೆದ್ದವರು ಯಾರು? ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರನ್ನು ನಾನು ವರ್ಷಕ್ಕೆರಡು ಸಲ ನೋಡುತ್ತೇನೆ. ಆ ಮುಖ ಎಪ್ಪತ್ತರ ವಯಸ್ಸಿನಲ್ಲೂ ಬದಲಾಗುವುದಿಲ್ಲ.

"ಯಾರೂ ಗೆದ್ದಿಲ್ಲ, ಯವ್ವಾ," ಎಂದ ಮಾಮಾ.

ಕುಸ್ತಿ ಶುರುವಾಗಿ ಸ್ವಲ್ಪ ಹೊತ್ತಿಗೇ ಗಾಳಿ ಎದ್ದು ಮಳೆ ಸುರಿಯಿತಂತೆ. ಮೇಲಿನ ತಗಡುಗಳು ಹಾರಿದವು. ಜನ ಓಡಿದರು, ತೀರ್ಪು ಕೊಡಬೇಕಾದ ಪಂಚರು ಎಲ್ಲರಿಗಿಂತ ಮೊದಲು ಓಡಿದರು. ಕಣದಲ್ಲಿ ಇವರಿಬ್ಬರೇ ಉಳಿದರು. ಕೆಂಪು ಮಣ್ಣು ಕೆಸರಾಗಿ ಕಾಲು ನಿಲ್ಲದು, ಹಿಡಿದಲ್ಲೆಲ್ಲ ಜಾರುತ್ತದೆ. ಒಟ್ಟಿಗೇ ಬಿದ್ದರು. ಎದ್ದರು. ಮತ್ತೆ ಬಿದ್ದರು. ಮೂರನೆಯ ಸಲ ಬಿದ್ದಾಗ ಲಾಲಸಾಬರಿಗೆ ನಗು ಬಂತು, ಅದನ್ನು ನೋಡಿ ಮಾಮಾನಿಗೂ ಬಂತು. ನಗುತ್ತಲೇ ಬಂದು ಇದೇ ಕೋಣೆಯಲ್ಲಿ ನಿಂತರು. ಇಲ್ಲಿ ಬಹುಮಾನದ ಡಬ್ಬಿ ಇತ್ತು. ನಿಮ್ಮೂರಲ್ಲಿ ನೀನು ಗೆದ್ದೆ, ನಮ್ಮೂರಲ್ಲಿ ನಾನು ಗೆದ್ದೆ ಎಂದು ಮಾತಾಯಿತು. ಒಬ್ಬರು ಕಡಗ ತೆಗೆದುಕೊಂಡರು, ಒಬ್ಬರು ರುಮಾಲು. ಖಾಲಿ ಡಬ್ಬಿ ಕಂಡ ಪಂಚರು ಗೆದ್ದವನು ಒಯ್ದಿರಬೇಕೆಂದು ಸುಮ್ಮನಾದರು. ಓಡಿದವರು ಹೆಚ್ಚು ವಿಚಾರಿಸುವಂತಿರಲಿಲ್ಲ. ಸೋತವನನ್ನು ಬೆನ್ನಿನ ಮಣ್ಣು ನೋಡಿ ಗುರುತಿಸುತ್ತಾರೆ. ಅಂದು ಇಬ್ಬರಿಗೂ ತಲೆಯಿಂದ ಕಾಲಿನವರೆಗೆ ಮಣ್ಣೇ ಇತ್ತು.

"ಹಂಗಾರ ಇಬ್ರೂ ಕೂಡಿ ಆಡಿದ ಸುಳ್ಳು," ಎಂದೆ. ನನ್ನ ದನಿ ಸ್ವಲ್ಪ ಧಾರವಾಡದ್ದಾಗಿತ್ತು.

ಲಾಲಸಾಬರು ಕೋಲಿನ ತುದಿ ನೋಡುತ್ತ ಹೇಳಿದರು, "ಹೌದವ್ವಾ. ಅದರ ಮ್ಯಾಲ ನಾ ಬಾದಾಮಿ ತಾಲೀಮಿನ ವಸ್ತಾದ ಆದೆ. ಹುಡುಗೂರು ನನ್ನ ಕಾಲ ಮುಟ್ಟಿ ಕಣಕ್ಕ ಇಳದಾರ. ಅವರಿಗೆ ಏನ ಹೇಳ್ಲಿ, ನಿಮ್ಮ ವಸ್ತಾದ ಕೆಸರಾಗ ಕುಂತು ನಗತಿದ್ದ ಅಂತ ಹೇಳ್ಲಿ?"

"ನಿಮ್ಮ ಅತ್ತಿಗಿ ಗೊತ್ತಾತಂದ್ರ," ಎಂದು ಮಾಮಾ ಶುರು ಮಾಡಿದವನು ಮುಗಿಸಲಿಲ್ಲ. ಆಮೇಲೆ, "ಒಬ್ರ ಹೆಸರ ಬರದ್ರ ಇನ್ನೊಬ್ಬಾವ ಹೋದ. ಖರೆ ಬರದ್ರ ಇಬ್ರೂ ಹೋದ್ವಿ. ನೀ ಬರಿಯಾಕಿ, ನೀನ ನೋಡು" ಎಂದ. ಇಷ್ಟು ವರ್ಷಗಳಲ್ಲಿ ಮಾಮಾ ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ. ಈಗಲೂ ಅವನು ಕೇಳಲಿಲ್ಲ. ಧೋತರದ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದ.

ನನಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತು ನಿಮಿಷ, ಒಂದು ತಾಸು, ಎರಡು ತಾಸು ಎಂದು ಎಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದೆ. ಆಮೇಲೆ ಅನ್ನಿಸಿತು, ನಾಲ್ಕು ಪದಗಳಲ್ಲಿ ಸತ್ಯ ಬರೆಸಿ ನಾನು ಗಳಿಸುವುದಾದರೂ ಏನು? ನಾಳೆಯಿಂದ ಅತ್ತೆ ಸಾರಿಗೆ ಉಪ್ಪು ಹಾಕಿದ ಮೇಲೆ ಏನು ಹೇಳಬೇಕು?

ಮರುದಿನ ಬೆಳಿಗ್ಗೆ ಇಳಕಲ್ಲಿನಿಂದ ಒಂದು ಟೆಂಪೊ, ಬಾದಾಮಿಯಿಂದ ಎರಡು ಟ್ರ್ಯಾಕ್ಟರು ಬಂದವು. ಎರಡೂ ಕಡೆಯವರ ಹಲಗಿ ವಾದ್ಯಗಳು ಒಂದೇ ಸಲಕ್ಕೆ ಮೊಳಗತೊಡಗಿದವು. ಈಗ ಕುಸ್ತಿ ಇಲ್ಲದ್ದರಿಂದ ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಮಣ್ಣು ಮುನಿಯುವುದಕ್ಕೆ ಮಣ್ಣೇ ಇರಲಿಲ್ಲ. ಅತ್ತೆ ಹೊಸ ಸೀರೆಯುಟ್ಟು, ಗಂಡನ ಹೆಸರಿಗೆ ಹಾಕಲು ಹೂವಿನ ಮಾಲೆ ತಂದು ಮೊದಲ ಸಾಲಿನಲ್ಲಿ ಕೂತಿದ್ದಳು. ಅಧ್ಯಕ್ಷರು ತಮ್ಮ ಶಾಲಿನ ಬಗ್ಗೆ ಅರ್ಧ ತಾಸು ಮಾತಾಡಿ, ಫಲಕದ ಕೊನೆಯ ಸಾಲನ್ನು ನಾನೇ ಓದಬೇಕೆಂದು ಮೈಕ್ ಕೊಟ್ಟರು.

ನಾನು ಸಭೆಯಲ್ಲಿ ಮಾತಾಡುವವಳಲ್ಲ. ಸಾಧ್ಯವಾದಷ್ಟು ಚಿಕ್ಕದಾಗಿ ಹೇಳಿದೆ. ಲಾಲಸಾಬ ಮತ್ತು ಈರಪ್ಪ ಎಂಬವರ ನಡುವೆ ಇಲ್ಲಿ ಕುಸ್ತಿ ನಡೆಯಿತೆಂಬುದಕ್ಕೆ ನನಗೆ ನಂಬಬಹುದಾದ ಸಾಕ್ಷಿ ಸಿಕ್ಕಿಲ್ಲ. ಆದ್ದರಿಂದ ಆ ವಿಷಯವನ್ನು ಬರೆಯಲಾಗುವುದಿಲ್ಲ. ಗೋಡೆಯ ಸುತ್ತಳತೆ, ಪಾವಟಿಗೆಗಳ ಸಂಖ್ಯೆ ಮತ್ತು ಕಲ್ಲಿನ ಜಾತಿಯನ್ನು ಬರೆಸಿದ್ದೇನೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಇದ್ದ ಸಾಕ್ಷಿಗಳು ಇಬ್ಬರೇ. ತಾವು ನಂಬಲು ಯೋಗ್ಯರಲ್ಲವೆಂದು ಹಿಂದಿನ ದಿನ ಅವರೇ ಒಪ್ಪಿಕೊಂಡಿದ್ದರು.

ಎರಡೂ ಹಲಗಿಗಳು ನಿಂತವು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದ ಎರಡು ಊರಿನವರು ಒಂದಾಗಿ ನನ್ನ ಕಡೆ ತಿರುಗಿದರು. ಇಂಥ ಐಕ್ಯವನ್ನು ನಮ್ಮ ಯಾವ ರಾಜಮನೆತನವೂ ಸಾಧಿಸಿದ್ದಿಲ್ಲ. ಇಳಕಲ್ಲಿನವನೊಬ್ಬ ಕುಸ್ತಿ ನಡೆದದ್ದು ಖರೆ ಎಂದು ಬಾದಾಮಿಯವನ ಪರವಾಗಿ ಆಣೆ ಮಾಡಿದ. ಬಾದಾಮಿಯವರು ಈರಪ್ಪನಂಥ ಪೈಲವಾನ ಇರಲೇ ಇಲ್ಲವೆಂದರೆ ಹೇಗೆ ಎಂದು ಕೇಳಿದರು. ಎಲ್ಲರಿಗಿಂತ ಜೋರಾಗಿ ಬೈದವನು ಮಾಮಾ. "ಧಾರವಾಡಕ್ಕ ಕಳಿಸಿ ಕಲಿಸಿದ್ದು ಇದಕ್ಕೇನು? ಪುಸ್ತಕದಾಗ ಇಲ್ಲಂದ್ರ ನಾ ಇಲ್ಲೇನು?" ಲಾಲಸಾಬರು ಸೊಟ್ಟ ಬೆರಳನ್ನು ಮೇಲೆತ್ತಿ, ಕುಸ್ತಿ ನಡೆಯದೆ ಇದು ಹೇಗೆ ಮುರಿಯಿತೆಂದು ಸಭೆಗೆ ತೋರಿಸಿದರು. ಅಭಿನಯ ಸ್ವಲ್ಪ ಹೆಚ್ಚಾಯಿತೆಂದು ನನಗೆ ಅನ್ನಿಸಿತು. ಅತ್ತೆ ಮಾಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದಳು. ಆ ವರ್ಷದಿಂದ ನನಗೆ ಅವಳ ಶೇಂಗಾ ಹೋಳಿಗೆಯ ಡಬ್ಬಿ ಬರುವುದು ನಿಂತಿತು.

ಜನ ಚದುರಿದ ಮೇಲೆ ನಾನು ಟಿಕೆಟ್ ಕೋಣೆಯ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಧೂಳು ಬಹಳ ಇತ್ತು. ಇಬ್ಬರು ಮುದುಕರೂ ಅಲ್ಲಿಗೆ ಬಂದರು. ವೇದಿಕೆಯಿಂದ ವಾಪಸು ತಂದಿಟ್ಟ ಕ್ರೋಟನ್ ಗಿಡವೊಂದನ್ನು ಮಾಮಾ ಬುಡ ಹಿಡಿದು ಎತ್ತಿ ಪಕ್ಕಕ್ಕೆ ಇಟ್ಟ. ಕುಂಡದೊಳಗೆ ಕೈ ಹಾಕಿ, ಕೆಂಪು ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ. ಆಮೇಲೆ ನನ್ನ ಕೈ ಬಿಡಿಸಿ ಅಂಗೈಗೆ ಒಂದು ಹಿಡಿ ಹಾಕಿದ. ಲಾಲಸಾಬರು ಅದರ ಮೇಲೆ ಇನ್ನೊಂದು ಹಿಡಿ ಹಾಕಿದರು. ಕಣದಲ್ಲಿ ಜೋಡಿಗೆ ಮಾತ್ರ ಕೊಡುವ ಮಣ್ಣು ಅದು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಮನೆಗೆ ತಂದೆ.

ಫಲಕ ಈಗಲೂ ಇದೆ. ಗೋಡೆಯ ಸುತ್ತಳತೆಯನ್ನು ಯಾರೂ ಓದುವುದಿಲ್ಲ. ಅದನ್ನು ಬರೆದವಳಿಗೆ ಏನೇನು ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರೂ ನನಗೇ ವಿವರಿಸಿ ಹೇಳಿದ್ದಾರೆ. ಇಳಕಲ್ಲಿನಲ್ಲಿ ಮಾಮಾ ಗೆದ್ದೇ ಇದ್ದಾನೆ, ಬಾದಾಮಿಯಲ್ಲಿ ಲಾಲಸಾಬರು. ಕುಸ್ತಿ ಈಗ ಎರಡೂವರೆ ತಾಸಿಗೆ ಬಂದಿದೆಯೆಂದು ಕೇಳಿದ್ದೇನೆ.

ಹೋದ ತಿಂಗಳು ಅತ್ತೆ ದವಾಖಾನೆಯ ಕೆಲಸಕ್ಕೆಂದು ಬಾಗಲಕೋಟೆಗೆ ಬಂದವಳು, ಬೇರೆ ದಾರಿಯಿಲ್ಲದೆ ನನ್ನ ಮನೆಯಲ್ಲಿ ಇಳಿದಳು. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಭರಣಿಯ ಬಗ್ಗೆ. ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಇದೇನೆಂದು ಕೇಳಿದಳು.

"ಗೊತ್ತಿಲ್ಲ, ಅತ್ತಿ," ಎಂದೆ.

ಅತ್ತೆ ಒಂದು ಕ್ಷಣವೂ ಅನುಮಾನಿಸದೆ ನಂಬಿದಳು.